ನಟನ ಸಂಬಳ, ನಟನ ಸಂಸಾರ



ನಮ್ಮ ಉಡುಪಿ ಸೀಮೆಯಲ್ಲಿ ವೇಷ ಕಟ್ಟುವವರಿಗೆ ಬರವಿಲ್ಲ. ದೀಪಾವಳಿ ಕಳೆದ ಮೇಲೆ ಯಕ್ಷಗಾನ ಮೇಳಗಳು ತಿರುಗಾಟಕ್ಕೆ ಹೊರಟವೆಂದರೆ ಪತ್ತನಾಜೆಯವರೆಗೆ, ಅಂದರೆ ಮೇ ತಿಂಗಳ ಕೊನೆಯ ವಾರದವರೆಗೆ, ಈ ಕರಾವಳಿಯಲ್ಲಿ ಚೆಂಡೆಯ ಸದ್ದಿಲ್ಲದ ರಾತ್ರಿ ಅಪರೂಪ. ಮಂದಾರ್ತಿ, ಮಾರಣಕಟ್ಟೆ, ಸಾಲಿಗ್ರಾಮ, ಪೆರ್ಡೂರು, ಹಿರಿಯಡಕ, ಆಚೆ ತೆಂಕುತಿಟ್ಟಿನ ಕಟೀಲು, ಧರ್ಮಸ್ಥಳ. ಇವುಗಳ ಜೊತೆಗೆ ಊರೂರಿನ ಹವ್ಯಾಸಿ ತಂಡಗಳು, ತುಳು ನಾಟಕದವರು, ಕಾಲೇಜಿನ ರಂಗತಂಡಗಳು. ಹೀಗಿರುವಾಗ ನಟನೆಂದು ಹೇಳಿಕೊಂಡರೆ ಇಲ್ಲಿ ಯಾರೂ ಹುಬ್ಬೇರಿಸುವುದಿಲ್ಲ. ಎರಡನೆಯ ಪ್ರಶ್ನೆ ಮಾತ್ರ ತಪ್ಪದೆ ಬರುತ್ತದೆ: "ಅದು ಸರಿ, ಕೆಲಸ ಎಂತ ಮಾಡುದು?"

ಈ ಪ್ರಶ್ನೆಯನ್ನು ನಾನು ಜೀವನವಿಡೀ ಕೇಳಿಸಿಕೊಂಡಿದ್ದೇನೆ. ಕೇಳಿದವರ ಮೇಲೆ ನನಗೆ ಸಿಟ್ಟಿಲ್ಲ. ನಟನ ಅನ್ನ ಎಲ್ಲಿಂದ ಬರುತ್ತದೆ ಎಂಬುದೇ ಅವನ ಕಲೆಯ ರೀತಿಯನ್ನೂ ಅವನ ಮನೆಯ ರೀತಿಯನ್ನೂ ನಿರ್ಧರಿಸುತ್ತದೆ ಎಂದು ಈಗ ನನಗೆ ಖಚಿತವಾಗಿದೆ. ಇವತ್ತು ಅದರ ಬಗ್ಗೆಯೇ ಮಾತಾಡುತ್ತೇನೆ.

ನಾನು ಹುಟ್ಟಿದ್ದು ಕಾಪುವಿನಲ್ಲಿ. ಅನ್ನ ಕೊಟ್ಟದ್ದು ಮಣಿಪಾಲದ ಬ್ಯಾಂಕಿನ ನೌಕರಿ. ಹೆಂಡತಿಯ ತವರು ಕಾರ್ಕಳ. ಬಣ್ಣ ಹಚ್ಚಿದ್ದು ಹೆಚ್ಚಾಗಿ ಉಡುಪಿಯಲ್ಲಿ. ಎಲ್ಲವನ್ನೂ ಒಂದು ಬಸ್ಸಿನ ಟಿಕೇಟಿನ ದೂರದಲ್ಲಿ ಇಟ್ಟುಕೊಳ್ಳಬೇಕೆಂದು ನಾನೇ ಮಾಡಿಕೊಂಡ ಏರ್ಪಾಡು ಇದು. ಇದರ ಬೆಲೆಯನ್ನು ಮುಂದೆ ಹೇಳುತ್ತೇನೆ.

ಈ ಜಿಲ್ಲೆಯ ಹವ್ಯಾಸಿ ರಂಗಭೂಮಿಗೆ ನಟರನ್ನು ಕೊಟ್ಟವರಲ್ಲಿ ಶಾಲೆ ಕಾಲೇಜುಗಳ ಜೊತೆಗೆ ಬ್ಯಾಂಕುಗಳನ್ನೂ ನೆನೆಯಬೇಕು. 1906ರಲ್ಲಿ ಉಡುಪಿಯಲ್ಲಿ ಕಾರ್ಪೊರೇಷನ್ ಬ್ಯಾಂಕ್ ಹುಟ್ಟಿತು. 1925ರಲ್ಲಿ ಸಿಂಡಿಕೇಟ್ ಬ್ಯಾಂಕಿನ ಮೂಲ ಸಂಸ್ಥೆಯೂ ಇಲ್ಲೇ ಹುಟ್ಟಿ ಮುಂದೆ ಮಣಿಪಾಲದಲ್ಲಿ ಬೇರೂರಿತು. ಈಗ ಎರಡೂ ಬೇರೆ ಬ್ಯಾಂಕುಗಳಲ್ಲಿ ವಿಲೀನವಾಗಿವೆ. ಒಂದು ಕಾಲದಲ್ಲಿ ಸಂಜೆ ಐದೂವರೆಗೆ ಲೆಡ್ಜರ್ ಮುಚ್ಚಿ ಏಳು ಗಂಟೆಗೆ ರಿಹರ್ಸಲ್ಲಿಗೆ ಬಂದು ನಿಲ್ಲುತ್ತಿದ್ದವರು ನಮ್ಮ ತಂಡಗಳಲ್ಲಿ ಎಷ್ಟೋ ಮಂದಿ. 1965ರಲ್ಲಿ ಆರಂಭವಾದ 'ರಂಗಭೂಮಿ ಉಡುಪಿ'ಯಂಥ ಸಂಸ್ಥೆ ಇಷ್ಟು ದಶಕ ಉಳಿದು ಬಂದದ್ದು, ರಾಜ್ಯಮಟ್ಟದ ನಾಟಕ ಸ್ಪರ್ಧೆಯನ್ನು ವರ್ಷ ವರ್ಷ ನಡೆಸಿಕೊಂಡು ಬಂದದ್ದು ಇಂಥ ಸಂಬಳದಾರ ಕಲಾವಿದರ ಬೆವರಿನಿಂದ. ಆ ಸಂಸ್ಥೆಯ ಕುತ್ಪಾಡಿ ಆನಂದ ಗಾಣಿಗರ ಹೆಸರನ್ನು ಇಲ್ಲಿ ಹೇಳದಿದ್ದರೆ ನನ್ನ ಮಾತು ಅರೆಯಾಗುತ್ತದೆ. ಎಂ.ಜಿ.ಎಂ. ಕಾಲೇಜಿನ ಮುದ್ದಣ ಮಂಟಪದಲ್ಲಿ ಹೊರ ಊರಿನ ತಂಡಗಳ ನಾಟಕ ನೋಡುತ್ತ ಕುಳಿತ ಚಳಿಯ ರಾತ್ರಿಗಳೇ ನನಗೆ ರಂಗಶಿಕ್ಷಣ.

ಬ್ಯಾಂಕಿನ ಕೆಲಸದಲ್ಲಿ ಒಂದು ಕಷ್ಟವಿತ್ತು. ಪ್ರಮೋಷನ್ ಬಂದರೆ ವರ್ಗಾವಣೆಯೂ ಜೊತೆಗೇ ಬರುತ್ತಿತ್ತು. ಗುಮಾಸ್ತನಾಗಿದ್ದರೆ ಊರಲ್ಲಿ ಇರಬಹುದು, ಆಫೀಸರ್ ಆದರೆ ಉತ್ತರ ಭಾರತದ ಯಾವುದೋ ಶಾಖೆಗೆ ಹೋಗಬೇಕು. ನನಗೆ ಅವಕಾಶ ಬಂದಾಗ ಬೇಡವೆಂದು ಬರೆದುಕೊಟ್ಟೆ. ನನ್ನ ಜೊತೆಗೆ ಸೇರಿದವರು ಮ್ಯಾನೇಜರುಗಳಾದರು, ಮಕ್ಕಳನ್ನು ದೊಡ್ಡ ಊರುಗಳಲ್ಲಿ ಓದಿಸಿದರು. ನಾನು ಅದೇ ಕೌಂಟರಿನಲ್ಲಿ ಕುಳಿತೆ. ಆ ತೀರ್ಮಾನವನ್ನು ನಾನೊಬ್ಬನೇ ಮಾಡಿದೆ ಅಂತ ಬಹಳ ಕಾಲ ತಿಳಿದುಕೊಂಡಿದ್ದೆ. ನಿಜದಲ್ಲಿ ಅದರ ಅರ್ಧ ಭಾರ ಹೊತ್ತವಳು ನನ್ನ ಹೆಂಡತಿ. ಕಡಿಮೆ ಸಂಬಳದಲ್ಲಿ ಮನೆ ಕಟ್ಟಿದ್ದು, ಮಗಳ ಕಾಲೇಜು ಫೀಸು ಹೊಂದಿಸಿದ್ದು ಅವಳು. ಒಮ್ಮೆ ನಾನು ಯಾವುದೋ ಸನ್ಮಾನದ ಹಾರ ಹಿಡಿದು ಮನೆಗೆ ಬಂದಾಗ ಅವಳು ಹೇಳಿದ ಮಾತು ಇಷ್ಟೇ: "ಇವ್ರೇ, ನಿಮ್ಮ ನಾಟಕಕ್ಕೆ ನಾನೂ ಬಂಡವಾಳ ಹಾಕಿದ್ದೇನೆ, ನೆನಪಿರಲಿ." ನೋವಿನಿಂದ ಹೇಳಿದ್ದಲ್ಲ, ಲೆಕ್ಕ ಸರಿಯಾಗಿರಲಿ ಎಂದು ಹೇಳಿದ್ದು. ಆ ಲೆಕ್ಕ ಸರಿಯಾಗಿಯೇ ಇದೆ.

ಇನ್ನು ಕಲೆಯ ವಿಷಯ. ನಟನೆಯನ್ನು ನಾನು ಹೆಚ್ಚು ಕಲಿತದ್ದು ನಾಟಕದಿಂದಲ್ಲ, ತಾಳಮದ್ದಳೆಯ ಕೂಟದಿಂದ. ಕರಾವಳಿಯ ಹೊರಗಿನ ಕೇಳುಗರಿಗಾಗಿ ಸ್ವಲ್ಪ ವಿವರಿಸುತ್ತೇನೆ. ಆಟದಲ್ಲಿ, ಅಂದರೆ ವೇಷ ಕಟ್ಟಿ ಆಡುವ ಯಕ್ಷಗಾನದಲ್ಲಿ, ಬಣ್ಣವಿದೆ, ಗೆಜ್ಜೆಯಿದೆ, ಮುಂಡಾಸು ಕೇದಗೆಮುಂದಲೆಗಳಿವೆ. ಕೂಟದಲ್ಲಿ ಅದ್ಯಾವುದೂ ಇಲ್ಲ. ಪಂಚೆ ಉಟ್ಟು ಶಾಲು ಹೊದ್ದು ಎದುರುಬದುರು ಕುಳಿತುಕೊಳ್ಳಬೇಕು. ಭಾಗವತರು ಪದ ಹೇಳಿದ ಮೇಲೆ ಅದಕ್ಕೆ ಅರ್ಥ ಹೇಳಬೇಕು. ಬರೆದ ಸಂಭಾಷಣೆ ಇಲ್ಲ. ಎದುರಿನ ಅರ್ಥಧಾರಿ ಯಾವ ಪ್ರಶ್ನೆ ಎಸೆಯುತ್ತಾರೆ ಎಂಬುದು ಅವರು ಬಾಯಿ ತೆರೆಯುವವರೆಗೆ ಗೊತ್ತಿಲ್ಲ. ವಾಲಿವಧೆಯಲ್ಲಿ ವಾಲಿ ಬಿದ್ದಲ್ಲಿಂದಲೇ ರಾಮನನ್ನು ಪ್ರಶ್ನಿಸಿದಾಗ, ರಾಮನ ಅರ್ಥಧಾರಿಗೆ ಉತ್ತರ ಹೊಳೆಯದಿದ್ದರೆ ಆ ರಾತ್ರಿ ವಾಲಿಯೇ ಗೆಲ್ಲುತ್ತಾನೆ. ಬಾಣ ತಾಗಿದವನು ಗೆದ್ದ ಕೂಟಗಳನ್ನು ನಮ್ಮ ಹಿರಿಯರು ವರ್ಷಗಟ್ಟಲೆ ನೆನೆಯುತ್ತಿದ್ದರು. ಶೇಣಿ ಗೋಪಾಲಕೃಷ್ಣ ಭಟ್ಟರು, ಮಲ್ಪೆಯ ಸಾಮಗ ಸಹೋದರರಾದ ಶಂಕರನಾರಾಯಣ ಸಾಮಗರು ಮತ್ತು ರಾಮದಾಸ ಸಾಮಗರು ಕುಳಿತ ಕೂಟಗಳನ್ನು ಕೇಳಲು ಜನ ಮೈಲುಗಟ್ಟಲೆ ನಡೆದು ಬರುತ್ತಿದ್ದರು.

ಕೂಟ ಕಲಿಸಿದ್ದು ಏನೆಂದರೆ ಕೇಳುವುದನ್ನು. ತನ್ನ ಮಾತಿನ ಸರದಿಗೆ ಕಾಯುವವನು ನಟನಲ್ಲ. ಎದುರಿನವರ ಮಾತು ಕಿವಿಗೆ ಬಿದ್ದು ಒಳಗೆ ಏನಾದರೂ ಕದಲಬೇಕು, ಕದಲಿದ್ದು ಮಾತಾಗಿ ಹೊರಡಬೇಕು. ನಾಟಕದಲ್ಲಿ ಮಾತು ಮೊದಲೇ ಬರೆದಿರುತ್ತದೆ, ಆದ್ದರಿಂದ ಕೇಳಿದಂತೆ ನಟಿಸಿ ಪಾರಾಗಬಹುದು. ಕೂಟದಲ್ಲಿ ಪಾರಾಗುವಂತಿಲ್ಲ. ಹವ್ಯಾಸಿ ರಂಗಭೂಮಿಗೆ ಬರುವ ಹುಡುಗ ಹುಡುಗಿಯರಿಗೆ ನಾನು ಮೊದಲು ಹೇಳುವುದು, ಒಂದು ಮಳೆಗಾಲ ತಾಳಮದ್ದಳೆಗೆ ಹೋಗಿ ಸುಮ್ಮನೆ ಕುಳಿತುಕೊಳ್ಳಿ ಎಂದು. ಮಾಳದವರಾದ ಡಾ. ಎಂ. ಪ್ರಭಾಕರ ಜೋಶಿಯವರನ್ನು ನೋಡಿ. ಕಾರ್ಕಳ ತಾಲೂಕಿನ ಆ ಘಟ್ಟದ ಬುಡದ ಊರಿನಿಂದ ಹೊರಟು ಮಂಗಳೂರಿನಲ್ಲಿ ಕಾಲೇಜು ಅಧ್ಯಾಪಕರಾಗಿ, ಪ್ರಾಂಶುಪಾಲರಾಗಿ ದುಡಿದರು. ಅದರ ಜೊತೆಗೇ ಅರ್ಥಗಾರಿಕೆಯಲ್ಲೂ ಯಕ್ಷಗಾನ ವಿಮರ್ಶೆಯಲ್ಲೂ ಎತ್ತರಕ್ಕೆ ಏರಿದರು. ಬೇರೆ ನೌಕರಿ ಇಟ್ಟುಕೊಂಡವನ ಕಲೆ ಅರೆಮನಸ್ಸಿನದು ಎನ್ನುವವರಿಗೆ ಕೊಡಲು ಇದಕ್ಕಿಂತ ಬೇರೆ ಉತ್ತರ ಬೇಡ.

ಹಾಗೆಂದು ಹವ್ಯಾಸಿಗಳಾದ ನಮಗೆ ಒಂದು ರೋಗವಿದೆ, ಅದನ್ನೂ ಹೇಳಬೇಕು. ಸಂಬಳ ಬೇರೆ ಕಡೆಯಿಂದ ಬರುವುದರಿಂದ ನಮಗೆ ತಪ್ಪಿಸಿಕೊಳ್ಳಲು ಸಾಧ್ಯ. ಇವತ್ತು ರಿಹರ್ಸಲ್ಲಿಗೆ ಬರಲಾಗದು, ಮನೆಯಲ್ಲಿ ನೆಂಟರು ಎನ್ನಬಹುದು. ಮೇಳದ ಕಲಾವಿದನಿಗೆ ಆ ಸೌಕರ್ಯವಿಲ್ಲ. ಜ್ವರ ಬಂದರೂ ಚೌಕಿಗೆ, ಅಂದರೆ ಬಣ್ಣದ ಮನೆಗೆ, ಹೋಗಿ ಕನ್ನಡಿಯ ಮುಂದೆ ಕುಳಿತು ತನ್ನ ಮುಖಕ್ಕೆ ತಾನೇ ಬಣ್ಣ ಬರೆದುಕೊಳ್ಳುತ್ತಾನೆ. ಈ ಮುಖವರ್ಣಿಕೆಯನ್ನು ನಾನು ಬಹಳ ಗೌರವದಿಂದ ನೋಡುತ್ತೇನೆ. ಸಿನಿಮಾದಲ್ಲಿ ಬೇರೊಬ್ಬರು ಮೇಕಪ್ ಮಾಡುತ್ತಾರೆ, ನಟ ಕಣ್ಣು ಮುಚ್ಚಿ ಕುಳಿತರಾಯಿತು. ಚೌಕಿಯಲ್ಲಿ ವೇಷಧಾರಿ ಗಂಟೆಗಟ್ಟಲೆ ತನ್ನ ಮುಖವನ್ನೇ ನೋಡುತ್ತ ಗೆರೆ ಗೆರೆಯಾಗಿ ಅದನ್ನು ಅಳಿಸಿ ಇನ್ನೊಬ್ಬನನ್ನು ಬರೆಯುತ್ತಾನೆ. ರಾಕ್ಷಸ ಪಾತ್ರಗಳ ಬಣ್ಣದ ವೇಷದವರು ಚಿಟ್ಟಿ ಇಡುವುದನ್ನು ನೋಡಬೇಕು. ಅಕ್ಕಿಹಿಟ್ಟು ಸುಣ್ಣ ಕಲಸಿದ ಚುಕ್ಕೆಗಳನ್ನು ಒಂದೊಂದಾಗಿ ಇಟ್ಟು ಒಣಗಿಸುವಷ್ಟರಲ್ಲಿ ಆ ಮನುಷ್ಯನ ಮಾತು ತಾನಾಗಿಯೇ ಕಡಿಮೆಯಾಗುತ್ತದೆ. ಪಾತ್ರಪ್ರವೇಶ ಎಂದು ನಾಟಕಶಾಲೆಗಳಲ್ಲಿ ಕಲಿಸುವುದೆಲ್ಲ ಆ ಎರಡು ಮೂರು ಗಂಟೆಗಳಲ್ಲಿ ಇದೆ.

ಬ್ರಹ್ಮಾವರದ ಬಳಿಯ ಹಾರಾಡಿ, ಮಟಪಾಡಿ ಎಂಬ ಎರಡು ಪುಟ್ಟ ಊರುಗಳು ಯಕ್ಷಗಾನದ ಬಡಗುತಿಟ್ಟಿನಲ್ಲಿ ಎರಡು ಶೈಲಿಗಳಿಗೇ ಹೆಸರು ಕೊಟ್ಟಿವೆ. ಹಾರಾಡಿ ರಾಮ ಗಾಣಿಗರು, ಮಟಪಾಡಿ ವೀರಭದ್ರ ನಾಯಕರು ಇಂಥ ನೆಲದವರು. ಆ ಪರಂಪರೆ ಕಣ್ಮರೆಯಾಗಬಾರದೆಂದು 1971ರಲ್ಲಿ ಉಡುಪಿಯಲ್ಲಿ ಯಕ್ಷಗಾನ ಕೇಂದ್ರ ಆರಂಭವಾಯಿತು. ಶಿವರಾಮ ಕಾರಂತರ ಕನಸು, ಪ್ರೊ. ಕು.ಶಿ. ಹರಿದಾಸ ಭಟ್ಟರ ಸಂಘಟನೆ. ಇಂದ್ರಾಳಿಯ ಆ ಕೇಂದ್ರದಲ್ಲಿ ಮಕ್ಕಳು ಗುರುಗಳ ಜೊತೆಗೇ ಉಳಿದು ಕಲಿಯುತ್ತಾರೆ. ಬನ್ನಂಜೆ ಸಂಜೀವ ಸುವರ್ಣರು ಅಲ್ಲಿ ರೂಪಿಸಿದ ಶಿಷ್ಯರು ಇವತ್ತು ಎಷ್ಟೋ ರಂಗಗಳಲ್ಲಿದ್ದಾರೆ. ಕಾರಂತರು ತಮ್ಮ ಪ್ರಯೋಗಗಳಲ್ಲಿ ಇಡೀ ರಾತ್ರಿಯ ಆಟವನ್ನು ಕೆಲವು ಗಂಟೆಗಳಿಗೆ ಇಳಿಸಿದರು, ವಯಲಿನ್ ಸ್ಯಾಕ್ಸೊಫೋನ್ ತಂದರು, ಮಾತನ್ನು ಬಿಟ್ಟು ಕುಣಿತ ಅಭಿನಯಗಳಲ್ಲೇ ಕಥೆ ಹೇಳಿಸಿದರು. ಮಾತಿನಿಂದಲೇ ಬೆಳೆದ ನನಗೆ ಅವರ ಈ ಕೊನೆಯ ಹೆಜ್ಜೆ ಪೂರ್ತಿಯಾಗಿ ಒಪ್ಪಿಗೆಯಾಗಿಲ್ಲ. ಅರ್ಥಗಾರಿಕೆಯಿಲ್ಲದ ಯಕ್ಷಗಾನದಲ್ಲಿ ನಮ್ಮ ನಟನ ಬುದ್ಧಿ ಕಾಣದೆ ಹೋಗುತ್ತದೆ ಎಂದೇ ನನ್ನ ನಂಬಿಕೆ. ಆದರೆ ಬಾಯಿ ಮುಚ್ಚಿದಾಗ ಮೈ ಎಷ್ಟು ಮಾತಾಡಬಲ್ಲದು ಎಂದು ತೋರಿಸಿದ್ದಕ್ಕೆ ಅವರಿಗೆ ಕೈ ಮುಗಿಯುತ್ತೇನೆ.

ದನಿಯ ಬಗ್ಗೆ ಎರಡು ಮಾತು, ಇದು ಬಾನುಲಿಯಾದ್ದರಿಂದ. ಕಾಪುವಿನ ಕಡಲ ಬದಿಯ ಬಯಲಲ್ಲಿ ಆಡಿದವರಿಗೆ ಗಾಳಿಯ ಪರಿಚಯವಿರುತ್ತದೆ. ಸಂಜೆಗೆ ಕಡಲಿನಿಂದ ಬೀಸುವ ಗಾಳಿ ರಾತ್ರಿ ಕಳೆದಂತೆ ನೆಲದ ಕಡೆಯಿಂದ ಬೀಸತೊಡಗುತ್ತದೆ. ಮೊದಲ ದೃಶ್ಯದಲ್ಲಿ ಮುಂದಿನ ಸಾಲಿಗೆ ಕೇಳದಿದ್ದ ದನಿ ಕೊನೆಯ ದೃಶ್ಯದಲ್ಲಿ ರಸ್ತೆಯವರೆಗೆ ಹೋಗುತ್ತದೆ. ಗಾಳಿಗೆ ಎದುರಾಗಿ ಕಿರುಚಿದರೆ ಗಂಟಲು ಒಡೆಯುತ್ತದೆ. ಅಕ್ಷರಗಳನ್ನು ಬಿಡಿಸಿ ಆಡಿದರೆ ಸಣ್ಣ ದನಿಯೂ ತಲುಪುತ್ತದೆ ಎಂದು ನಮ್ಮೂರಿನ ಹಿರಿಯರು ಹೇಳಿಕೊಟ್ಟರು. 1976ರಲ್ಲಿ ಮಂಗಳೂರು ಆಕಾಶವಾಣಿ ಶುರುವಾದ ಮೇಲೆ ರೇಡಿಯೋ ನಾಟಕಗಳು ಬಂದವು. ಅಲ್ಲಿ ಎಲ್ಲ ತಿರುಗುಮುರುಗು. ಮೈಕಿನ ಮುಂದೆ ಉಸಿರು ಕೂಡ ಕೇಳುತ್ತದೆ, ಕಾಗದದ ಪುಟ ತಿರುವುವ ಸದ್ದೂ ಕೇಳುತ್ತದೆ. ಬಯಲಿನ ನಟ ಅಲ್ಲಿ ತನ್ನ ಮುಕ್ಕಾಲು ಬಲವನ್ನು ಬಾಗಿಲ ಹೊರಗೇ ಇಟ್ಟು ಬರಬೇಕು. ಎರಡನ್ನೂ ಮಾಡಿದವನಿಗೆ ತನ್ನ ದನಿ ಎಷ್ಟು ಅಗಲ ಎಂದು ಗೊತ್ತಾಗುತ್ತದೆ.

ಭಾಷೆಯದ್ದೂ ಇಲ್ಲಿ ಒಂದು ವಿಶೇಷ. ನಮ್ಮಲ್ಲಿ ಬಹಳ ಮಂದಿಗೆ ಮನೆಮಾತು ತುಳು, ಇಲ್ಲವೇ ಕೊಂಕಣಿ, ಬ್ಯಾರಿ. ಕನ್ನಡ ನಮ್ಮ ಕಿವಿಗೆ ಮೊದಲು ಬಿದ್ದದ್ದು ಶಾಲೆಯಿಂದ, ಅದಕ್ಕಿಂತ ಮೊದಲು ಆಟದಿಂದ. ಹಾಗಾಗಿ ನಮ್ಮ ಕನ್ನಡಕ್ಕೆ ರಾವಣ ಕೌರವರ ಗತ್ತು ಅಂಟಿದೆ. ಬೆಂಗಳೂರಿನಲ್ಲಿ ಧಾರಾವಾಹಿಯೊಂದರ ಸಣ್ಣ ಪಾತ್ರಕ್ಕೆ ಹೋಗಿದ್ದಾಗ, ಮಾವನ ಪಾತ್ರ ಹೀಗೆ ಪುಸ್ತಕದ ಕನ್ನಡ ಮಾತಾಡಿದರೆ ಆಗದು ಎಂದರು. ಅವರ ದೃಷ್ಟಿಯಿಂದ ಅದು ಸರಿ. ಕೆಲವು ಕಾಲ ಅಲ್ಲಿದ್ದು ಮರಳಿ ಬಂದೆ. ಅಲ್ಲಿ ಒಂದೇ ಪಾತ್ರವನ್ನು ತುಂಡು ತುಂಡಾಗಿ ವರ್ಷಗಟ್ಟಲೆ ಎಳೆಯಬೇಕು. ಒಂದು ರಾತ್ರಿಯಲ್ಲಿ ಒಬ್ಬ ಮನುಷ್ಯನ ಹುಟ್ಟು ಸಾವುಗಳೆರಡನ್ನೂ ಮುಗಿಸಿ ಏಳುವ ಅಭ್ಯಾಸ ನನ್ನದು.

ಆದರೆ ಹೋಗಿ ಗೆದ್ದವರಿದ್ದಾರೆ, ಅವರ ಬಗ್ಗೆ ನನಗೆ ಅಪಾರ ಹೆಮ್ಮೆ. ಉಡುಪಿಯ ವಿನಯಾ ಪ್ರಸಾದ್ ಅವರು ಜಿ.ವಿ. ಅಯ್ಯರ್ ಅವರ 'ಮಧ್ವಾಚಾರ್ಯ'ದಿಂದ ಆರಂಭಿಸಿ ಕನ್ನಡದಲ್ಲೂ ಮಲಯಾಳದಲ್ಲೂ ಮನೆಮಾತಾದರು. ರಕ್ಷಿತ್ ಶೆಟ್ಟಿ ಕಾರ್ಕಳ ತಾಲೂಕಿನ ನಿಟ್ಟೆಯಲ್ಲಿ ಇಂಜಿನಿಯರಿಂಗ್ ಓದಿ, ಸಾಫ್ಟ್‌ವೇರ್ ನೌಕರಿಗೆ ಸೇರಿ, ಅದನ್ನು ಬಿಟ್ಟು ಸಿನಿಮಾಕ್ಕೆ ನಡೆದರು. 2014ರಲ್ಲಿ ಬಂದ 'ಉಳಿದವರು ಕಂಡಂತೆ' ಮಲ್ಪೆಯ ಕಡಲತಡಿಯನ್ನು, ಅಷ್ಟಮಿಯ ಹುಲಿವೇಷವನ್ನು, ನಮ್ಮ ಬಾಯಿಯ ಕನ್ನಡವನ್ನು ಇದ್ದ ಹಾಗೆ ತೆರೆಗೆ ತಂದಿತು. ಬಿಡುಗಡೆಯಾದಾಗ ಅದಕ್ಕೆ ದೊಡ್ಡ ಗಳಿಕೆ ಆಗಲಿಲ್ಲ, ವರ್ಷ ಕಳೆದಂತೆ ಜನ ಅದನ್ನು ಹುಡುಕಿ ನೋಡತೊಡಗಿದರು. ಕುಂದಾಪುರದ ಕಡೆಯ ಕೆರಾಡಿಯ ರಿಷಬ್ ಶೆಟ್ಟಿ ಬೆಂಗಳೂರಿನಲ್ಲಿ ನೀರಿನ ಕ್ಯಾನು ಮಾರುವುದರಿಂದ ಹಿಡಿದು ಹಲವು ಕೆಲಸ ಮಾಡುತ್ತ ಸಿನಿಮಾದಲ್ಲಿ ನೆಲೆ ಕಂಡವರು. ತಮ್ಮ ಊರಿನಲ್ಲೇ ಚಿತ್ರಿಸಿದ 2022ರ 'ಕಾಂತಾರ'ಕ್ಕೆ ರಾಷ್ಟ್ರಮಟ್ಟದ ಶ್ರೇಷ್ಠ ನಟ ಪ್ರಶಸ್ತಿ ಪಡೆದರು. ನೌಕರಿ ಬಿಟ್ಟ ಇವರ ಧೈರ್ಯವೂ ನೌಕರಿ ಹಿಡಿದುಕೊಂಡ ನನ್ನಂಥವರ ಹಟವೂ ಒಂದೇ ಮಣ್ಣಿನದು. ಒಂದನ್ನು ಹೊಗಳಲು ಇನ್ನೊಂದನ್ನು ಹಳಿಯಬೇಕಾಗಿಲ್ಲ.

ಸಿನಿಮಾ ನಟರ ಖಾಸಗಿ ಬದುಕಿನ ವಿಷಯ ನನ್ನನ್ನು ಕಾಡುತ್ತದೆ. ಅವರ ಮದುವೆ, ಮುರಿದ ಸಂಬಂಧ, ಮನೆಯ ಮಗು, ಎಲ್ಲವೂ ಊರಿನ ಸೊತ್ತಾಗಿಬಿಟ್ಟಿದೆ. ಅಪರಿಚಿತರು ನ್ಯಾಯ ಹೇಳುತ್ತಾರೆ. ಇದು ತಪ್ಪು ಎಂದು ಸ್ಪಷ್ಟವಾಗಿ ಹೇಳುತ್ತೇನೆ. ಟಿಕೇಟಿನ ಹಣದಲ್ಲಿ ನಾವು ಕೊಂಡದ್ದು ಪಾತ್ರವನ್ನು ಮಾತ್ರ. ಇತ್ತ ಮೇಳದ ಕಲಾವಿದನದ್ದು ಪೂರ್ತಿ ವಿರುದ್ಧ. ಅವನ ಸಂಸಾರ ಯಾರ ಕಣ್ಣಿಗೂ ಬೀಳುವುದಿಲ್ಲ. ಆರು ತಿಂಗಳು ರಾತ್ರಿ ರಂಗದಲ್ಲಿ, ಹಗಲು ನಿದ್ದೆಯಲ್ಲಿ. ಮಗ ಶಾಲೆಯಿಂದ ಬರುವ ಹೊತ್ತಿಗೆ ಅಪ್ಪ ಚೀಲ ಹೆಗಲಿಗೇರಿಸಿ ಹೊರಟಿರುತ್ತಾನೆ. ಮೇಳದಲ್ಲಿರುವವನಿಗೆ ಹೆಣ್ಣು ಕೊಡಲು ಹಿಂದೆ ಮುಂದೆ ನೋಡುವ ಮನೆಗಳು ಇವತ್ತೂ ಇವೆ. ಅದೇ ಮನೆಯವರು ಹರಕೆಯ ಆಟ ಆಡಿಸಿ, ಅದೇ ವೇಷಧಾರಿಗೆ ನೋಟಿನ ಹಾರ ಹಾಕುತ್ತಾರೆ. ಇದನ್ನು ನೋಡಿದಾಗಲೆಲ್ಲ ನನಗೆ ಸಂಕಟವಾಗುತ್ತದೆ.

ನಮ್ಮ ಹವ್ಯಾಸಿ ತಂಡಗಳ ಹೆಣ್ಣುಮಕ್ಕಳ ಪಾಡು ಇನ್ನೂ ಕಠಿಣ. ಗಂಡಸು ರಾತ್ರಿ ಹನ್ನೊಂದಕ್ಕೆ ಮನೆಗೆ ಬಂದರೆ ಕಲಾಸೇವೆ, ಹೆಂಗಸು ಬಂದರೆ ಬೀದಿಯೆಲ್ಲ ಪ್ರಶ್ನೆ. ಮದುವೆಯಾದ ಮೇಲೆ ರಂಗ ಬಿಟ್ಟ ಒಳ್ಳೊಳ್ಳೆಯ ನಟಿಯರನ್ನು ನಾನು ಬಲ್ಲೆ. ಅವರು ಇಂದಿಗೂ ಪ್ರೇಕ್ಷಕರ ಸಾಲಿನಲ್ಲಿ ಕುಳಿತು ತಮ್ಮ ಹಳೆಯ ಪಾತ್ರದ ಮಾತುಗಳಿಗೆ ತುಟಿ ಆಡಿಸುತ್ತಾರೆ. ನನ್ನಂಥವನಿಗೆ ಹೆಂಡತಿಯ ಆಸರೆ ಸಿಕ್ಕಿತು. ಅವರಿಗೆ ಗಂಡಂದಿರ ಆಸರೆ ಸಿಗಲಿಲ್ಲ. ನಮ್ಮ ರಂಗಭೂಮಿಗೆ ಆದ ಅತಿ ದೊಡ್ಡ ನಷ್ಟ ಇದೇ.

ರಂಗದಲ್ಲೇ ಪ್ರಾಣ ಬಿಟ್ಟರೆ ಪುಣ್ಯವಂತ ಎನ್ನುವ ಮಾತೊಂದು ನಮ್ಮಲ್ಲಿದೆ. 2009ರ ಫೆಬ್ರವರಿಯಲ್ಲಿ ಯಕ್ಷಗಾನ ಕಲಾವಿದ ಕೆರೆಮನೆ ಶಂಭು ಹೆಗಡೆಯವರು ಇಡಗುಂಜಿಯಲ್ಲಿ ರಾಮನ ಪಾತ್ರ ಮಾಡುತ್ತಿದ್ದಂತೆ ಅಸ್ವಸ್ಥರಾಗಿ ತೀರಿಕೊಂಡಾಗ ಆ ಮಾತು ಬಹಳ ಕೇಳಿಬಂತು. ಅವರ ನಿಷ್ಠೆಗೆ ಸಾಟಿಯಿಲ್ಲ, ನಿಜ. ಆದರೆ ಮನೆಯವರಿಗೆ ಅದು ಸಾವೇ. ಚಿಟ್ಟಾಣಿ ರಾಮಚಂದ್ರ ಹೆಗಡೆಯವರು ಎಂಬತ್ತು ದಾಟಿದ ಮೇಲೂ ಕುಣಿದರು, 2017ರ ಅಕ್ಟೋಬರಿನಲ್ಲಿ ಮಣಿಪಾಲದ ಆಸ್ಪತ್ರೆಯಲ್ಲಿ ಕೊನೆಯುಸಿರೆಳೆದರು. ಅವರಂಥ ದೊಡ್ಡವರಿಗೆ ಊರೇ ಇತ್ತು. ಕೋಡಂಗಿ, ಬಾಲಗೋಪಾಲ ವೇಷಗಳಿಂದ ಶುರುಮಾಡಿ ಮುಖ್ಯ ಪಾತ್ರವಾದ ಎರಡನೆಯ ವೇಷದವರೆಗೂ ತಲುಪದೆ ಮೊಣಕಾಲು ಸವೆಸಿಕೊಂಡ ಸಾಮಾನ್ಯ ವೇಷಧಾರಿಗೆ ಯಾರಿದ್ದಾರೆ? ಕುಣಿತದಲ್ಲಿ ಮಂಡಿಯಲ್ಲಿ ಗಿರಕಿ ಹೊಡೆಯುವುದನ್ನು ಕಂಡು ಚಪ್ಪಾಳೆ ತಟ್ಟುವ ನಾವು ಆ ಮಂಡಿ ಐವತ್ತರ ವಯಸ್ಸಿಗೆ ಏನಾಗಿರುತ್ತದೆ ಎಂದು ಕೇಳುವುದಿಲ್ಲ.

ಕೆಲವರು ಕೇಳಿದ್ದಾರೆ ಎಂಬುದು ಸಮಾಧಾನ. 1975ರಲ್ಲಿ ಹುಟ್ಟಿದ ಉಡುಪಿಯ ಯಕ್ಷಗಾನ ಕಲಾರಂಗ 'ಯಕ್ಷನಿಧಿ'ಯ ಮೂಲಕ ವೃತ್ತಿ ಕಲಾವಿದರಿಗೆ ವಿಮೆ, ವೈದ್ಯಕೀಯ ನೆರವು ಒದಗಿಸುತ್ತಿದೆ, ದಾನಿಗಳ ನೆರವಿನಿಂದ ಬಡ ಕಲಾವಿದರಿಗೆ ಮನೆ ಕಟ್ಟಿಸಿ ಕೊಡುತ್ತಿದೆ, ಮಕ್ಕಳ ಓದಿಗೆ ಕೈಹಿಡಿಯುತ್ತಿದೆ. ಕಲಾವಿದನಿಗೆ ಶಾಲು ಹೊದೆಸುವುದಕ್ಕಿಂತ ಸೂರು ಹೊದೆಸುವುದು ದೊಡ್ಡ ಸನ್ಮಾನ ಎಂದು ನಾನು ಬಲವಾಗಿ ನಂಬಿದ್ದೇನೆ. ಇನ್ನೊಂದು ಸಮಾಧಾನವೆಂದರೆ, ಕಾರ್ಕಳದ ಕೋಟಿಚೆನ್ನಯ ಥೀಮ್ ಪಾರ್ಕಿನಲ್ಲಿ ಯಕ್ಷರಂಗಾಯಣ ಬಂದಿದೆ. 1989ರಲ್ಲಿ ಬಿ.ವಿ. ಕಾರಂತರು ಮೈಸೂರಿನಲ್ಲಿ ರಂಗಾಯಣ ಕಟ್ಟಿದಾಗ, ನಟನೂ ಸಂಬಳ ಪಡೆದು ನಟನೆಯನ್ನೇ ಕೆಲಸವಾಗಿ ಮಾಡಬಹುದು ಎಂಬ ಮಾತಿಗೆ ಸರಕಾರದ ಒಪ್ಪಿಗೆ ಸಿಕ್ಕಿತ್ತು. ಆ ಅವಕಾಶ ಈಗ ನಮ್ಮ ಜಿಲ್ಲೆಗೇ ಬಂದಿದೆ. ನನ್ನ ಕಾಲದಲ್ಲಿ ಇದು ಇದ್ದಿದ್ದರೆ ನಾನು ಕೌಂಟರಿನ ಹಿಂದೆ ಕುಳಿತಿರುತ್ತಿದ್ದೆನೋ ಇಲ್ಲವೋ ಹೇಳಲಾರೆ. ಇಂದಿನ ಹುಡುಗರು ಅದನ್ನು ಬಳಸಿಕೊಳ್ಳಲಿ, ಸರಕಾರ ಅದಕ್ಕೆ ಅನುದಾನ ತಪ್ಪಿಸದಿರಲಿ.

ಕೇಳುಗರೇ, ನಿಮ್ಮಲ್ಲಿ ಬಹಳ ಮಂದಿ ಆಟ ಆಡಿಸುವವರು, ಸಂಘದ ವಾರ್ಷಿಕೋತ್ಸವಕ್ಕೆ ನಾಟಕ ಕರೆಸುವವರು. ನಿಮ್ಮಲ್ಲಿ ನನ್ನ ಕೋರಿಕೆ ಇಷ್ಟು. ಒಪ್ಪಿಕೊಂಡ ಸಂಭಾವನೆಯನ್ನು ಕಲಾವಿದ ಬಣ್ಣ ತೆಗೆಯುವ ಮೊದಲೇ ಅವನ ಕೈಗೆ ಕೊಡಿ. ನಾಳೆ ಬನ್ನಿ ಎನ್ನಬೇಡಿ. ಹೆಣ್ಣುಮಕ್ಕಳಿರುವ ತಂಡ ಬಂದರೆ ಬಾಗಿಲು ಹಾಕಿಕೊಳ್ಳಬಹುದಾದ ಒಂದು ಕೋಣೆ ಕೊಡಿ, ಆಟ ಮುಗಿದ ಮೇಲೆ ಅವರನ್ನು ಮನೆಗೆ ತಲುಪಿಸಲು ವಾಹನ ಮಾಡಿ. ಮಳೆಗಾಲದಲ್ಲಿ ಚಿಕ್ಕಮೇಳದವರು ನಿಮ್ಮ ಮನೆಬಾಗಿಲಿಗೆ ಬಂದರೆ ದೀಪ ಹಚ್ಚಿ ಒಳಗೆ ಕರೆಯಿರಿ, ಅವರು ಆ ನಾಲ್ಕು ತಿಂಗಳ ಅನ್ನಕ್ಕೆ ಹೊರಟವರು. ಸನ್ಮಾನ ಮಾಡುವುದಾದರೆ ಕಲಾವಿದನ ಮನೆಯವರನ್ನೂ ಕರೆಸಿ, ಅವರನ್ನು ಮುಂದಿನ ಸಾಲಿನಲ್ಲಿ ಕೂರಿಸಿ. ಹಾರಕ್ಕೆ ಖರ್ಚು ಮಾಡುವ ಹಣದಲ್ಲಿ ಒಂದು ಪಾಲನ್ನು ನಿಮ್ಮೂರಿನ ಮೇಳದ ಕಲಾವಿದನ ಆರೋಗ್ಯ ತಪಾಸಣೆಗೆ ತೆಗೆದಿಡಿ.